931 ಪಂದ್ಯ, ಅಗ್ರ ಡಿವಿಷನ್‌ನಲ್ಲಿ ಸೊನ್ನೆ

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಶುರುವಾದದ್ದು 1888ರಲ್ಲಿ. ಅಂದಿನಿಂದ ಇಂದಿನವರೆಗೆ ಅಲ್ಲಿ ಬೂಟು ಕಟ್ಟಿ ಅಂಗಣಕ್ಕಿಳಿದವರ ಲೆಕ್ಕ ಹಿಡಿಯುವುದೇ ಕಷ್ಟ. ಅಷ್ಟು ಜನರಲ್ಲಿ, ಗೋಲ್‌ಕೀಪರ್‌ಗಳನ್ನು ಪಕ್ಕಕ್ಕಿಟ್ಟರೆ, ಎಲ್ಲರಿಗಿಂತ ಹೆಚ್ಚು ಲೀಗ್ ಪಂದ್ಯ ಆಡಿದವರು ಯಾರು? ಶನಿವಾರ ರಾತ್ರಿ ಟಿವಿ ಮುಂದೆ ಕೂತು ಪ್ರೀಮಿಯರ್ ಲೀಗ್ ನೋಡುವ ನಮ್ಮ ಹುಡುಗರನ್ನು ಕೇಳಿದರೆ ರಯಾನ್ ಗಿಗ್ಸ್ ಎನ್ನಬಹುದು, ಫ್ರಾಂಕ್ ಲ್ಯಾಂಪಾರ್ಡ್ ಎನ್ನಬಹುದು. ಸ್ವಲ್ಪ ಹಳಬರಾದರೆ ಬಾಬಿ ಚಾರ್ಲ್ಟನ್ ಹೆಸರು ಹೇಳಿಯಾರು.

ಉತ್ತರ ಟೋನಿ ಫೋರ್ಡ್. ಮಧ್ಯಾಂಗಣದ ಬಲಬದಿಯ ಆಟಗಾರ. ಲೀಗ್ ಪಂದ್ಯಗಳು 931.

ಗಿಗ್ಸ್ ಮ್ಯಾಂಚೆಸ್ಟರ್ ಯುನೈಟೆಡ್ ಪರವಾಗಿ 24 ಋತುಗಳಲ್ಲಿ ಆಡಿದ ಲೀಗ್ ಪಂದ್ಯಗಳು 672. ಅಷ್ಟು ದೀರ್ಘಕಾಲ ಒಂದೇ ಕ್ಲಬ್ಬಿನಲ್ಲಿ ಬಾಳಿದ್ದಕ್ಕೆ ಜಗತ್ತೇ ತಲೆದೂಗಿತು, ತಲೆದೂಗಬೇಕಾದದ್ದೇ. ಫೋರ್ಡ್ ಆಡಿದ್ದು ಅದಕ್ಕಿಂತ 259 ಪಂದ್ಯ ಹೆಚ್ಚು. ಇಡೀ ಪಟ್ಟಿಯಲ್ಲಿ ಅವರಿಗಿಂತ ಮೇಲಿರುವುದು ಒಂದೇ ಹೆಸರು, ಗೋಲ್‌ಕೀಪರ್ ಪೀಟರ್ ಶಿಲ್ಟನ್, 1,005 ಪಂದ್ಯ. ಕೈಗವಸು ಹಾಕಿಕೊಂಡು ಗೋಲುಕಂಬಗಳ ನಡುವೆ ನಿಲ್ಲುವವರ ಮೈ ಸವೆಯುವ ರೀತಿಗೂ, ತೊಂಬತ್ತು ನಿಮಿಷ ಬಲಬದಿಯ ಗೆರೆಯುದ್ದಕ್ಕೂ ಓಡುವವರ ಮೈ ಸವೆಯುವ ರೀತಿಗೂ ಹೋಲಿಕೆಯೇ ಇಲ್ಲ ಎಂಬುದು ಆಟ ಬಲ್ಲವರಿಗೆ ಗೊತ್ತು. ಹಾಗಾಗಿ ನನ್ನ ಮಟ್ಟಿಗೆ ಫೋರ್ಡ್ ಎರಡನೆಯವರಲ್ಲ, ಮೊದಲಿಗರೇ.

ಆದರೆ ನನ್ನನ್ನು ಬೆರಗಾಗಿಸುವ ಅಂಕಿ 931 ಅಲ್ಲ, ಅದರ ಬೆನ್ನಿಗಿರುವ ಇನ್ನೊಂದು. ಆ 931ರಲ್ಲಿ ಇಂಗ್ಲೆಂಡಿನ ಅಗ್ರ ಡಿವಿಷನ್‌ನಲ್ಲಿ ಆಡಿದವೆಷ್ಟು? ಒಂದೂ ಇಲ್ಲ. 26 ವರ್ಷದಲ್ಲಿ ಒಂದೇ ಒಂದು ಪಂದ್ಯವೂ ಇಲ್ಲ.

ಈ ಸೊನ್ನೆಯ ತೂಕ ತಿಳಿಯಬೇಕಾದರೆ ಲೀಗಿನ ಅಳತೆಯನ್ನು ಒಮ್ಮೆ ನೋಡಬೇಕು. ಫೋರ್ಡ್ ಆಡಲು ಶುರುಮಾಡಿದಾಗ ಲೀಗಿನಲ್ಲಿ 92 ಕ್ಲಬ್ಬುಗಳಿದ್ದವು. ಮೇಲಿನ ಎರಡು ಡಿವಿಷನ್‌ಗಳಲ್ಲಿ 22ರಂತೆ, ಕೆಳಗಿನ ಎರಡರಲ್ಲಿ 24ರಂತೆ. ಪ್ರತಿ ತಂಡವೂ ತನ್ನ ಡಿವಿಷನ್‌ನ ಉಳಿದ ಪ್ರತಿ ತಂಡದೊಡನೆ ಎರಡೆರಡು ಸಲ ಆಡಬೇಕು, ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ. ಗುಣಿಸಿ ಕೂಡಿಸಿದರೆ ಒಂದು ಋತುವಿಗೆ 2,028 ಪಂದ್ಯ. ಅಗ್ರ ಡಿವಿಷನ್‌ನ ಪಾಲು 462 ಮಾತ್ರ. ಉಳಿದ 1,566 ಕೆಳಗಿನ ಮೂರರಲ್ಲಿ. ಇಂದಿನ ಲೆಕ್ಕದಲ್ಲಿ ಪ್ರೀಮಿಯರ್ ಲೀಗಿನದು 380, ಅದರ ಕೆಳಗಿನ ಮೂರು ಡಿವಿಷನ್‌ಗಳದು 1,656. ನಾವು ಇಂಗ್ಲಿಷ್ ಫುಟ್‌ಬಾಲ್ ಎಂದು ನೋಡುತ್ತಿರುವುದು ಅಲ್ಲಿ ನಡೆಯುವ ಲೀಗ್ ಆಟದ ಐದರಲ್ಲಿ ಒಂದು ಪಾಲನ್ನೂ ಅಲ್ಲ. ಉಳಿದ ನಾಲ್ಕು ಪಾಲು ಮಂಗಳವಾರ ರಾತ್ರಿಯ ಚಳಿಯಲ್ಲಿ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಹೊರಗಿನವರು ಹೆಸರೂ ಕೇಳಿರದ ಊರುಗಳಲ್ಲಿ ನಡೆಯುತ್ತದೆ. ಅದನ್ನು ನಡೆಸಿಕೊಂಡು ಹೋಗುವವರು ಟೋನಿ ಫೋರ್ಡ್ ಥರದವರು.

ಫೋರ್ಡ್ ಹುಟ್ಟಿದ್ದು 1959ರ ಮೇ 14ರಂದು, ಗ್ರಿಮ್ಸ್‌ಬಿಯಲ್ಲಿ. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಹಂಬರ್ ನದಿ ಉತ್ತರ ಸಮುದ್ರವನ್ನು ಸೇರುವಲ್ಲಿ ಇರುವ ಮೀನುಗಾರಿಕೆ ಬಂದರು ಅದು. ಊರಿನ ಕ್ಲಬ್ ಗ್ರಿಮ್ಸ್‌ಬಿ ಟೌನ್. ಅದರ ಅಂಗಣ ಬ್ಲಂಡೆಲ್ ಪಾರ್ಕ್ ಮಾತ್ರ ಗ್ರಿಮ್ಸ್‌ಬಿಯಲ್ಲಿಲ್ಲ, ಪಕ್ಕದ ಕ್ಲೀಥಾರ್ಪ್ಸ್ ಪಟ್ಟಣದಲ್ಲಿದೆ. 1901ರಲ್ಲಿ ಕಟ್ಟಿದ ಸ್ಟ್ಯಾಂಡಿನ ಭಾಗವೊಂದು ಅಲ್ಲಿ ಇಂದಿಗೂ ನಿಂತಿದೆ. ಒಂದು ಬದಿಗೆ ರೈಲು ಹಳಿ, ಹಳಿಯಾಚೆಗೆ ಹಂಬರ್‌ನ ಕೆಸರು ತೀರ. ಸಮುದ್ರದ ಗಾಳಿ ನೇರವಾಗಿ ಅಂಗಣಕ್ಕೆ ನುಗ್ಗುತ್ತದೆ. ಬಲಬದಿಯಿಂದ ಚೆಂಡನ್ನು ಎತ್ತಿ ಗೋಲಿನ ಮುಂದಕ್ಕೆ ಕಳಿಸುವುದೇ ಕೆಲಸವಾದ ಆಟಗಾರನಿಗೆ ಆ ಗಾಳಿ ಇನ್ನೊಬ್ಬ ಎದುರಾಳಿ. ಮೊದಲಾರ್ಧದಲ್ಲಿ ಹೊಡೆದಂತೆ ಎರಡನೆಯ ಅರ್ಧದಲ್ಲಿ ಹೊಡೆದರೆ ಚೆಂಡು ಹೋಗಬೇಕಾದ ಕಡೆ ಹೋಗುವುದಿಲ್ಲ.

1975ರ ಅಕ್ಟೋಬರ್ 4. ಎದುರಾಳಿ ವಾಲ್ಸಾಲ್. ಆಗಿನ ನಿಯಮದಂತೆ ಒಂದು ತಂಡಕ್ಕೆ ಒಬ್ಬನೇ ಬದಲಿ ಆಟಗಾರ. ಆ ಒಬ್ಬನಾಗಿ ಫೋರ್ಡ್ ಅಂಗಣಕ್ಕಿಳಿದರು. ವಯಸ್ಸು 16 ವರ್ಷ 143 ದಿನ. ಅಲ್ಲಿಯವರೆಗೆ ಗ್ರಿಮ್ಸ್‌ಬಿ ಪರ ಅಷ್ಟು ಚಿಕ್ಕ ವಯಸ್ಸಿನಲ್ಲಿ ಯಾರೂ ಆಡಿರಲಿಲ್ಲ. ಅದೇ ತಿಂಗಳ 15ರಂದು ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆ ಗಡಿಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿತು. ಬ್ರಿಟನ್ ಜಗಳಕ್ಕಿಳಿದು, ಮುಂದಿನ ವರ್ಷ ಸೋತು ಒಪ್ಪಿಕೊಂಡಿತು. ದೂರದ ಕಡಲಿನ ಕಾಡ್ ಮೀನನ್ನೇ ನಂಬಿದ್ದ ಗ್ರಿಮ್ಸ್‌ಬಿಯ ಬಂದರು ಅಲ್ಲಿಂದ ಬಡವಾಗುತ್ತಾ ಹೋಯಿತು. ಊರಿನ ದೋಣಿಗಳು ದಡ ಹತ್ತುತ್ತಿದ್ದ ಅವೇ ವರ್ಷಗಳಲ್ಲಿ ಊರಿನ ಈ ಹುಡುಗ ಪ್ರತಿ ಶನಿವಾರ ಬಲಬದಿಯ ಗೆರೆ ಹಿಡಿದು ಓಡುತ್ತಿದ್ದ.

ಗ್ರಿಮ್ಸ್‌ಬಿ 1977ರಲ್ಲಿ ನಾಲ್ಕನೇ ಡಿವಿಷನ್‌ಗೆ ಇಳಿಯಿತು, 1979ರಲ್ಲಿ ಮೇಲೆ ಬಂತು, 1980ರಲ್ಲಿ ಮೂರನೇ ಡಿವಿಷನ್ ಗೆದ್ದು ಎರಡನೆಯದಕ್ಕೆ ಏರಿತು. ಫೋರ್ಡ್‌ಗೆ 22 ತುಂಬುವ ಹೊತ್ತಿಗೆ ಕೆಳಗಿನ ಮೂರೂ ಡಿವಿಷನ್‌ಗಳ ರುಚಿ ಗೊತ್ತಿತ್ತು. 1986ರವರೆಗೆ ಅಲ್ಲೇ ಆಡಿದರು. ಆ ಅವಧಿಯ ಲೆಕ್ಕ 355 ಪಂದ್ಯ. ಬಹುತೇಕ ಆಟಗಾರರಿಗೆ ಇದೊಂದೇ ಒಂದು ಜನ್ಮಕ್ಕೆ ಸಾಕಾಗುವ ಸಂಖ್ಯೆ. ಫೋರ್ಡ್‌ಗೆ ಇದು ಮೊದಲ ಅಧ್ಯಾಯ, ಒಟ್ಟು ದಾರಿಯಲ್ಲಿ ನೂರಕ್ಕೆ 38.

ಮುಂದಿನದು ಊರೂರು ಅಲೆದಾಟ. ಸಂಡರ್‌ಲ್ಯಾಂಡ್‌ಗೆ ಎರವಲಾಗಿ ಹೋಗಿ 9 ಪಂದ್ಯ, ಸ್ಟೋಕ್ ಸಿಟಿಯಲ್ಲಿ 112, ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ನಲ್ಲಿ 114, ಮತ್ತೆ ತವರು ಗ್ರಿಮ್ಸ್‌ಬಿಗೆ ಬಂದು 68, ನಡುವೆ ಬ್ರಾಡ್‌ಫರ್ಡ್ ಸಿಟಿಗೆ ಎರವಲು 5, ಸ್ಕನ್‌ಥಾರ್ಪ್‌ನಲ್ಲಿ 76, ಮ್ಯಾನ್ಸ್‌ಫೀಲ್ಡ್‌ನಲ್ಲಿ 103, ಕೊನೆಗೆ ರಾಚ್‌ಡೇಲ್‌ನಲ್ಲಿ 89. ಮೊದಲ 355ನ್ನು ಸೇರಿಸಿ ಕೂಡಿ ನೋಡಿ, ಸರಿಯಾಗಿ 931 ಬರುತ್ತದೆ. ಈ ಸಾಲಿನಲ್ಲಿ ಸಂಡರ್‌ಲ್ಯಾಂಡ್, ಸ್ಟೋಕ್, ವೆಸ್ಟ್ ಬ್ರಾಮ್‌ವಿಚ್ ಎಂಬ ದೊಡ್ಡ ಹೆಸರುಗಳೂ ಇವೆ. ಆದರೆ ಫೋರ್ಡ್ ಅಲ್ಲಿಗೆ ಹೋದಾಗ ಅವೆಲ್ಲ ಎರಡನೇ ಡಿವಿಷನ್‌ನಲ್ಲಿದ್ದವು. ವೆಸ್ಟ್ ಬ್ರಾಮ್‌ವಿಚ್ 1991ರಲ್ಲಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಮೂರನೇ ಡಿವಿಷನ್‌ಗೂ ಜಾರಿತು. ಅಗ್ರ ಡಿವಿಷನ್‌ನ ಬಾಗಿಲಿನ ಹತ್ತಿರಕ್ಕೆ ಹೋಗಿದ್ದವರು ಒಳಗೆ ಮಾತ್ರ ಹೆಜ್ಜೆ ಇಡಲಿಲ್ಲ. 1989ರಲ್ಲಿ ಇಂಗ್ಲೆಂಡ್ ‘ಬಿ’ ತಂಡದ ಪರ ಎರಡು ಪಂದ್ಯ ಆಡಿದ್ದೇ ದೇಶದ ಅಂಗಿ ಅವರ ಮೈಮೇಲೆ ಬಿದ್ದ ಸಂದರ್ಭ.

ಈಗ ಸ್ವಲ್ಪ ಗಣಿತ. ಪಂದ್ಯಕ್ಕೆ 90 ನಿಮಿಷದಂತೆ 931 ಪಂದ್ಯಕ್ಕೆ 83,790 ನಿಮಿಷ. ಗಂಟೆ ಮಾಡಿದರೆ 1,396, ಮೇಲೆ ಅರ್ಧ. ಹಗಲು ರಾತ್ರಿ ಬಿಡದೆ ಆಡಿದರೆ 58 ದಿನ ನಾಲ್ಕೂವರೆ ಗಂಟೆ ಬೇಕು. ಬದಲಿಯಾಗಿ ಇಳಿದ, ಅರ್ಧದಲ್ಲಿ ಹೊರಬಂದ ಪಂದ್ಯಗಳಿಗೆಂದು ಒಂದಷ್ಟು ಕಳೆದರೂ ಐವತ್ತು ದಿನಕ್ಕೆ ಮೋಸವಿಲ್ಲ. ಇಂದಿನ ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 10ರಿಂದ 11 ಕಿ.ಮೀ. ಓಡುತ್ತಾರೆ ಎಂದು ಯಂತ್ರಗಳು ಅಳೆದು ಹೇಳುತ್ತವೆ. ಫೋರ್ಡ್ ಕಾಲದಲ್ಲಿ ಅವರ ಬೆನ್ನಿಗೆ ಯಾರೂ ಯಂತ್ರ ಕಟ್ಟಿರಲಿಲ್ಲ. ಕೈ ಬಿಗಿಹಿಡಿದು 9 ಕಿ.ಮೀ. ಎಂದೇ ಇಟ್ಟುಕೊಳ್ಳೋಣ. 931 ಪಂದ್ಯಕ್ಕೆ 8,379 ಕಿ.ಮೀ. ಬ್ರಿಟನ್ನಿನ ನೈರುತ್ಯ ತುದಿ ಲ್ಯಾಂಡ್ಸ್ ಎಂಡ್‌ನಿಂದ ಸ್ಕಾಟ್ಲೆಂಡಿನ ಈಶಾನ್ಯದ ತುದಿ ಜಾನ್ ಓ ಗ್ರೋಟ್ಸ್‌ಗೆ ರಸ್ತೆ ದಾರಿ 1,407 ಕಿ.ಮೀ. ಆ ಇಡೀ ದ್ವೀಪದ ಉದ್ದವನ್ನು ಹೆಚ್ಚುಕಡಿಮೆ ಮೂರು ಸಲ ಹೋಗಿ ಮೂರು ಸಲ ಬಂದಷ್ಟು ಓಟ ಇದು. ಅದೂ ನೇರ ಓಟವಲ್ಲ. ಹತ್ತು ಹೆಜ್ಜೆ ಜೋರು, ತಟ್ಟನೆ ನಿಲುಗಡೆ, ತಿರುವು, ಮತ್ತೆ ಜೋರು, ಮೊಣಕಾಲಿಗೆ ಯಾರದೋ ಬೂಟಿನ ಏಟು. ಚಳಿಗಾಲ ಬಂತೆಂದರೆ ಕೆಳಗಿನ ಡಿವಿಷನ್‌ಗಳ ಅಂಗಣಗಳಲ್ಲಿ ಹುಲ್ಲು ಹೋಗಿ ಕೆಸರಷ್ಟೇ ಉಳಿಯುತ್ತಿದ್ದ ಕಾಲ ಅದು.

ಬಸ್ಸಿನ ಲೆಕ್ಕ ಇನ್ನೂ ದೊಡ್ಡದು. ಅರ್ಧ ಪಂದ್ಯಗಳು ಪರ ಊರಿನಲ್ಲಿ, ಅಂದರೆ ಸುಮಾರು 465 ಪ್ರಯಾಣ. ಗ್ರಿಮ್ಸ್‌ಬಿ ಇರುವುದು ದೇಶದ ಒಂದು ಅಂಚಿನಲ್ಲಿ. ಅಲ್ಲಿಂದ ಪ್ಲಿಮತ್‌ಗೆ ಹೋಗಲು 500 ಕಿ.ಮೀ.ಗೂ ಹೆಚ್ಚು ದಾರಿ, ಆಟ ಮುಗಿದ ಮೇಲೆ ಅಷ್ಟೇ ದಾರಿ ವಾಪಸು. ಎಕ್ಸೆಟರ್, ಟಾರ್ಕೀ, ಕಾರ್ಲೈಲ್ ಎಲ್ಲವೂ ದೂರದವೇ. ಹತ್ತಿರದ ಊರುಗಳನ್ನೂ ಸೇರಿಸಿ ಸರಾಸರಿ 200 ಕಿ.ಮೀ. ಎಂದು ಹಿಡಿಯಿರಿ, ಹೋಗಿ ಬರಲು 400. 465 ಪ್ರಯಾಣಕ್ಕೆ 1,86,000 ಕಿ.ಮೀ. ಭೂಮಿಯ ನಡುಗೆರೆಯ ಸುತ್ತಳತೆ 40,075 ಕಿ.ಮೀ. ಇಂಗ್ಲೆಂಡ್ ಮತ್ತು ವೇಲ್ಸ್ ಬಿಟ್ಟು ಹೊರಗೆ ಹೋಗದೆ, ಬಸ್ಸಿನ ಸೀಟಿನಲ್ಲಿ ಕೂತೇ, ಈ ಮನುಷ್ಯ ಭೂಮಿಯನ್ನು ನಾಲ್ಕೂವರೆ ಸುತ್ತು ಹಾಕಿದ್ದಾರೆ. ಮಂಗಳವಾರದ ರಾತ್ರಿ ಪಂದ್ಯವಾದರೆ ಮನೆ ಸೇರುವುದು ಬುಧವಾರದ ಬೆಳಗಿನ ಜಾವ.

ಇವರನ್ನು ನೋಡಿದವರೆಷ್ಟು? ರಾಚ್‌ಡೇಲ್‌ನಂಥ ಕಡೆ ಎರಡು ಮೂರು ಸಾವಿರ ಜನ, ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಹತ್ತು ಸಾವಿರ. ಪಂದ್ಯಕ್ಕೆ ಸರಾಸರಿ ಐದು ಸಾವಿರ ಎಂದರೂ 931 ಪಂದ್ಯಕ್ಕೆ ನಲವತ್ತಾರೂವರೆ ಲಕ್ಷ ಟಿಕೆಟ್. ಅದರಲ್ಲಿ ಬಹುಪಾಲು ಅವೇ ಮುಖಗಳು, ಅವೇ ಜಾಗಗಳಲ್ಲಿ, ವರ್ಷ ವರ್ಷವೂ. ಮರೆಯಬಾರದ ಸಂಗತಿ ಎಂದರೆ ಫೋರ್ಡ್ ಆಡಿದ್ದು ಇಂಗ್ಲಿಷ್ ಫುಟ್‌ಬಾಲ್ ಕಂಡ ಅತ್ಯಂತ ಕೆಟ್ಟ ದಿನಗಳಲ್ಲಿ. 1948-49ರಲ್ಲಿ ಲೀಗ್ ಪಂದ್ಯ ನೋಡಿದವರ ಒಟ್ಟು ಸಂಖ್ಯೆ 4 ಕೋಟಿ 10 ಲಕ್ಷ ದಾಟಿತ್ತು. 1985-86ರಲ್ಲಿ ಅದು ಸುಮಾರು 1 ಕೋಟಿ 65 ಲಕ್ಷಕ್ಕೆ ಕುಸಿಯಿತು. ಅದರ ಹಿಂದಿನ ಋತುವಿನ ಕೊನೆಯಲ್ಲಿ, 1985ರ ಮೇ 11ರಂದು, ಬ್ರಾಡ್‌ಫರ್ಡ್‌ನ ವ್ಯಾಲಿ ಪೆರೇಡ್ ಅಂಗಣದ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. ಅದೂ ಮೂರನೇ ಡಿವಿಷನ್ ಪಂದ್ಯವೇ. ತಂಡ ಡಿವಿಷನ್ ಗೆದ್ದ ಸಂಭ್ರಮ ನೋಡಲು ಬಂದಿದ್ದವರು ಅವರು. ಎಂಟು ವರ್ಷದ ಮೇಲೆ, 1993ರಲ್ಲಿ, ಫೋರ್ಡ್ ಎರವಲು ಆಟಗಾರರಾಗಿ ಹೋದದ್ದು ಆ ಕ್ಲಬ್ಬಿಗೇ. ದಾಖಲೆಯಲ್ಲಿ ಅದು ‘5 ಪಂದ್ಯ’ ಎಂಬ ಒಂದು ಸಣ್ಣ ಸಾಲು.

ವಯಸ್ಸಾದಂತೆ ಬಲಬದಿಯ ವಿಂಗರ್‌ಗಳ ವೇಗ ಕುಂದುತ್ತದೆ, ಮೂವತ್ತೆರಡು ಮೂವತ್ಮೂರಕ್ಕೆ ಹೆಚ್ಚಿನವರ ಆಟ ಮುಗಿಯುತ್ತದೆ. ಫೋರ್ಡ್ ಮಾಡಿದ್ದು ಹಂತ ಹಂತವಾಗಿ ಹಿಂದಕ್ಕೆ ಸರಿಯುವ ಕೆಲಸ. ಮೊದಲು ವಿಂಗರ್, ಆಮೇಲೆ ಮಿಡ್‌ಫೀಲ್ಡರ್, ಕೊನೆಯ ವರ್ಷಗಳಲ್ಲಿ ಬಲಬದಿಯ ರಕ್ಷಣಾ ಆಟಗಾರ. ಗೆರೆ ಅದೇ, ನಿಲ್ಲುವ ಜಾಗ ಮಾತ್ರ ತಮ್ಮ ಗೋಲಿನ ಕಡೆಗೆ ಜರುಗುತ್ತಾ ಬಂತು. ಹದಿನಾರರಲ್ಲಿ ಎದುರಾಳಿಯ ಬ್ಯಾಕ್ ಆಟಗಾರನನ್ನು ದಾಟಿ ಓಡುತ್ತಿದ್ದವರು ನಲವತ್ತರಲ್ಲಿ ತಮ್ಮನ್ನು ದಾಟಲು ಬರುವ ಹದಿನೆಂಟರ ಹುಡುಗನನ್ನು ತಡೆಯುತ್ತಿದ್ದರು. ಆ ಹುಡುಗ ಮುಂದೆ ಏನು ಮಾಡುತ್ತಾನೆ ಎಂಬುದು ತಾವೇ ಸಾವಿರ ಸಲ ಮಾಡಿ ಬಿಟ್ಟದ್ದಾದ್ದರಿಂದ ಗೊತ್ತಿರುತ್ತದೆ. ಕಾಲಿನ ವೇಗ ಹೋದರೂ ಆ ತಿಳಿವಳಿಕೆ ಹೋಗುವುದಿಲ್ಲ.

1996ರಲ್ಲಿ, 37ರ ವಯಸ್ಸಿನಲ್ಲಿ, ಸ್ಕನ್‌ಥಾರ್ಪ್ ಬಿಟ್ಟು ಬ್ಯಾರೋಗೆ ಹೋದರು. ಬ್ಯಾರೋ 1972ರಲ್ಲೇ ಲೀಗಿನಿಂದ ಹೊರಬಿದ್ದ ಕ್ಲಬ್. ಅಲ್ಲಿ ಆಡಿದ ಪಂದ್ಯಗಳು 931ಕ್ಕೆ ಸೇರುವುದಿಲ್ಲ. ಲೀಗಿನ ಪುಸ್ತಕದಲ್ಲಿ ಅವರ ಹೆಸರು 739ಕ್ಕೆ ನಿಂತಿತ್ತು. ಕತೆ ಅಲ್ಲಿಗೇ ಮುಗಿದಿದ್ದರೂ ದೊಡ್ಡದೇ. ಆದರೆ ಅದೇ ಋತುವಿನಲ್ಲಿ ಮ್ಯಾನ್ಸ್‌ಫೀಲ್ಡ್ ಟೌನ್ ಕರೆಯಿತು. ಕರೆದವರು ಮ್ಯಾನೇಜರ್ ಸ್ಟೀವ್ ಪಾರ್ಕಿನ್, ಸ್ಟೋಕ್ ಮತ್ತು ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಫೋರ್ಡ್ ಜೊತೆ ಆಡಿದ್ದವರು, ಫೋರ್ಡ್‌ಗಿಂತ ಆರು ವರ್ಷ ಚಿಕ್ಕವರು. ತನಗಿಂತ ಚಿಕ್ಕ ಮ್ಯಾನೇಜರ್ ಹೇಳಿದಂತೆ ಆಡುತ್ತಾ, ಹುಡುಗರಿಗೆ ತರಬೇತಿಯನ್ನೂ ಕೊಡುತ್ತಾ ಫೋರ್ಡ್ ಮತ್ತೆ ಲೆಕ್ಕಕ್ಕೆ ಪಂದ್ಯ ಸೇರಿಸತೊಡಗಿದರು.

ಆಗ ಅವರ ಮುಂದಿದ್ದದ್ದು, ಗೋಲ್‌ಕೀಪರ್‌ಗಳನ್ನು ಬಿಟ್ಟರೆ, ಟೆರ್ರಿ ಪೇನ್ ಹೆಸರಿನ 824ರ ದಾಖಲೆ. ಪೇನ್ ಸೌತಾಂಪ್ಟನ್ನಿನಲ್ಲಿ 713, ಹೆರೆಫೋರ್ಡ್‌ನಲ್ಲಿ 111 ಪಂದ್ಯ ಆಡಿದ್ದರು. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ಬಳಗದಲ್ಲೂ ಇದ್ದರು. ವಿಶ್ವಕಪ್ ಬಳಗದವರೊಬ್ಬರ ದಾಖಲೆಯನ್ನು ಅಗ್ರ ಡಿವಿಷನ್ ಕಾಣದವರೊಬ್ಬರು ಬೆನ್ನಟ್ಟುತ್ತಿದ್ದರು. 739ರಿಂದ 824 ದಾಟಲು ಬೇಕಾದದ್ದು 86 ಪಂದ್ಯ. ಮ್ಯಾನ್ಸ್‌ಫೀಲ್ಡ್‌ನಲ್ಲಿ ಫೋರ್ಡ್ 103 ಆಡಿದರು. ಇಡೀ ಲೀಗಿನ ಆ ದಾಖಲೆ ಮುರಿದದ್ದು ನಾಲ್ಕನೇ ಸ್ತರದ ಕ್ಲಬ್ಬೊಂದರ ಅಂಗಿಯಲ್ಲಿ.

ಇನ್ನೂ ಮುಗಿದಿಲ್ಲ. 1999ರ ಬೇಸಿಗೆಯಲ್ಲಿ ಪಾರ್ಕಿನ್ ರಾಚ್‌ಡೇಲ್‌ಗೆ ಹೋದಾಗ ಫೋರ್ಡ್ ಕೂಡ ಜೊತೆಗೆ ಹೋದರು. ಆ ಮೇ 14ಕ್ಕೆ ಅವರಿಗೆ 40 ತುಂಬಿತ್ತು. ಅಂದರೆ ರಾಚ್‌ಡೇಲ್‌ನ ಆ 89 ಪಂದ್ಯಗಳಷ್ಟೂ ನಲವತ್ತು ದಾಟಿದ ಮೇಲಿನವು. ಈ ಒಂದು ಅಂಕಿಯ ಮೇಲೆ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ. ಎರಡು ಋತು ಮತ್ತು ಒಂದಷ್ಟು ತಿಂಗಳಲ್ಲಿ ರಾಚ್‌ಡೇಲ್ ಆಡಿದ್ದೇ ಸುಮಾರು 110 ಲೀಗ್ ಪಂದ್ಯ, ಅದರಲ್ಲಿ 89ಕ್ಕೆ ಈ ನಲವತ್ತರ ಮನುಷ್ಯ ಅಂಗಣದಲ್ಲಿದ್ದರು. ಪ್ರದರ್ಶನಕ್ಕೆಂದೋ ಗೌರವಕ್ಕೆಂದೋ ಕೊನೆಯ ಐದು ನಿಮಿಷ ಇಳಿಸಿದ್ದಲ್ಲ. ತಂಡಕ್ಕೆ ಬೇಕಾಗಿದ್ದರು, ಆಡಿದರು. ಕಪ್ ಪಂದ್ಯಗಳನ್ನೂ ಸೇರಿಸಿದ ಅವರ ಒಟ್ಟು ಸಂಖ್ಯೆ ಸಾವಿರ ದಾಟಿದ್ದೂ ರಾಚ್‌ಡೇಲ್ ಅಂಗಿಯಲ್ಲೇ. ಅವರಿಗೆ ಬ್ರಿಟನ್ನಿನ ಎಂಬಿಇ ಗೌರವವೂ ಸಂದಿತು.

ರಾಚ್‌ಡೇಲ್ ಬಗ್ಗೆ ಒಂದು ಮಾತು. ಆ ಕ್ಲಬ್ 1974ರಲ್ಲಿ ನಾಲ್ಕನೇ ಸ್ತರಕ್ಕೆ ಇಳಿದು 2010ರವರೆಗೆ, 36 ವರ್ಷ, ಅಲ್ಲೇ ಇತ್ತು. ಮೇಲಕ್ಕೂ ಹೋಗಲಿಲ್ಲ, ಲೀಗಿನಿಂದ ಹೊರಗೂ ಬೀಳಲಿಲ್ಲ. ಹದಿನಾರರ ಫೋರ್ಡ್ ವಾಲ್ಸಾಲ್ ವಿರುದ್ಧ ಇಳಿದ ದಿನವೂ ರಾಚ್‌ಡೇಲ್ ಅದೇ ಸ್ತರದಲ್ಲಿತ್ತು, ನಲವತ್ತರ ಫೋರ್ಡ್ ಬಂದಾಗಲೂ ಅಲ್ಲೇ ಇತ್ತು. ಬದಲಾದದ್ದು ಸ್ತರದ ಹೆಸರು. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿದಾಗ ಕೆಳಗಿನ ಡಿವಿಷನ್‌ಗಳ ಹೆಸರುಗಳೆಲ್ಲ ಒಂದೊಂದು ಮೆಟ್ಟಿಲು ಮೇಲೇರಿದವು, ನಾಲ್ಕನೆಯದು ‘ಮೂರನೇ ಡಿವಿಷನ್’ ಆಯಿತು. ಹಾಗಾಗಿ ಫೋರ್ಡ್ ಮೊದಲ ಪಂದ್ಯ ಆಡಿದ್ದೂ ಮೂರನೇ ಡಿವಿಷನ್‌ನಲ್ಲಿ, ಕೊನೆಯ ಪಂದ್ಯ ಆಡಿದ್ದೂ ಮೂರನೇ ಡಿವಿಷನ್‌ನಲ್ಲಿ, ಆದರೆ ಎರಡೂ ಬೇರೆ ಬೇರೆ. ಅವರು ಶುರುಮಾಡಿದಾಗ ಗೆಲುವಿಗೆ ಎರಡು ಅಂಕ, 1981ರಿಂದ ಮೂರು. ಗೋಲ್‌ಕೀಪರ್ ತನ್ನವರು ಒದ್ದ ಚೆಂಡನ್ನು ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ ಬಂದದ್ದು 1992ರಲ್ಲಿ. ಐವರು ಪ್ರಧಾನಿಗಳನ್ನು, ಆರು ವಿಶ್ವಕಪ್‌ಗಳನ್ನು ಆ ಅವಧಿ ಕಂಡಿತು.

2001ರ ನವೆಂಬರ್‌ನಲ್ಲಿ ಪಾರ್ಕಿನ್ ಬಾರ್ನ್‌ಸ್ಲಿಗೆ ಮ್ಯಾನೇಜರ್ ಆಗಿ ಹೋದರು. ಸಹಾಯಕರಾಗಿ ಹೊರಟ ಫೋರ್ಡ್ 42ರಲ್ಲಿ ಬೂಟು ಬಿಚ್ಚಿದರು.

ದಾಖಲೆ ಇನ್ನೂ ಅವರದೇ. ಈಚಿನ ಕಾಲದಲ್ಲಿ ಇಂಥ ದೀರ್ಘ ದಾರಿ ನಡೆದವರೆಂದರೆ ಎಂಕೆ ಡಾನ್ಸ್‌ನ ಡೀನ್ ಲೂಯಿಂಗ್ಟನ್. ಸ್ವಿಂಡನ್ ಟೌನ್‌ನ ಜಾನ್ ಟ್ರೊಲೊಪ್ ಒಂದೇ ಕ್ಲಬ್ಬಿಗೆ 770 ಲೀಗ್ ಪಂದ್ಯ ಆಡಿದ್ದ ದಾಖಲೆಯನ್ನು 2023ರ ಡಿಸೆಂಬರ್‌ನಲ್ಲಿ ಮುರಿದ ಗಟ್ಟಿಗ. ಅವರಿಗೂ 931 ಎಟುಕಲಿಲ್ಲ. ಇಂದು ಕೆಳಗಿನ ಡಿವಿಷನ್‌ನ ಒಂದು ಕ್ಲಬ್ಬಿನಲ್ಲಿ ಹದಿನಾರರ ಹುಡುಗನೊಬ್ಬ ಆಗಸ್ಟ್ ತಿಂಗಳ ಮೊದಲ ಪಂದ್ಯದಿಂದ ಆಡಲು ಶುರುಮಾಡಿದ ಎನ್ನಿ. ಋತುವಿಗೆ 46 ಪಂದ್ಯ. ಒಂದೂ ತಪ್ಪಬಾರದು. ಮೊಣಕಾಲು ತಿರುಚಬಾರದು, ಜ್ವರ ಬರಬಾರದು, ಕೆಂಪು ಕಾರ್ಡು ಕಾಣಬಾರದು, ಹೊಸ ಮ್ಯಾನೇಜರ್ ಬಂದು ಬೆಂಚಿಗೆ ಕೂರಿಸಬಾರದು, ಮತ್ತು ಆಟ ಚೆನ್ನಾಗಿದೆಯೆಂದು 38 ಪಂದ್ಯಗಳ ಪ್ರೀಮಿಯರ್ ಲೀಗ್ ಅವನನ್ನು ಕೊಂಡುಕೊಳ್ಳಲೂಬಾರದು. ಹೀಗೆ 20 ಋತು ಕಳೆದರೆ 920. ಇಪ್ಪತ್ತೊಂದನೇ ಋತುವಿನ ಹನ್ನೆರಡನೇ ಪಂದ್ಯದಲ್ಲಿ, 36ರ ವಯಸ್ಸಿನಲ್ಲಿ, ಅವನು ಫೋರ್ಡ್ ಅವರನ್ನು ಒಂದು ಪಂದ್ಯದಿಂದ ಹಿಂದಿಕ್ಕುತ್ತಾನೆ.